ವರ್ನೀಟಾ ಚಂದಾ ಕೇಳಿದ್ದು

ಊರವರಿಗಾಗಿ ಚಂದಾ ಎತ್ತುವುದರಲ್ಲಿ ವರ್ನೀಟಾ ಬ್ರೂಸಾರ್ಡಳನ್ನು ಮೀರಿಸುವವರು ಹ್ಯೂಸ್ಟನ್ನಿನ ಆ ಭಾಗದಲ್ಲಿ ಯಾರೂ ಇರಲಿಲ್ಲ. ಯಾರದೋ ಗಂಡ ತೀರಿಕೊಂಡು ಮಣ್ಣಿನ ಖರ್ಚಿಗೆ ಗತಿಯಿಲ್ಲ ಎಂದರೆ ಅವಳೇ ಹೊರಡಬೇಕು. ಚಂಡಮಾರುತಕ್ಕೆ ಯಾರದೋ ಸೂರು ಹಾರಿಹೋದರೂ ಅವಳೇ, ಶಾಲೆಯ ಬ್ಯಾಂಡಿನ ಹುಡುಗಿಯರಿಗೆ ಹೊಸ ಬಟ್ಟೆ ಹೊಲಿಸಬೇಕೆಂದರೂ ಅವಳೇ. ತನ್ನ ಬ್ಯೂಟಿ ಪಾರ್ಲರಿನಲ್ಲಿ ಗಿರಾಕಿ ಬೇಸಿನ್ನಿಗೆ ತಲೆಯೊಡ್ಡಿ ಮಲಗಿರುವಾಗಲೇ ಕೇಳಿಬಿಡುತ್ತಿದ್ದಳು. ತಲೆತುಂಬ ಶಾಂಪೂ ನೊರೆ ಇಟ್ಟುಕೊಂಡು ಯಾರು ತಾನೇ ಎದ್ದು ಓಡಿಯಾರು?

ಇಂಥವಳಿಗೆ ತನಗಾಗಿ ಕೇಳುವ ಹೊತ್ತು ಬಂದಾಗ ನಾಲಿಗೆ ಬಿದ್ದುಹೋಯಿತು.

ಆ ವರ್ಷ ಅವಳು ನಗರಸಭೆಗೆ ನಿಂತಿದ್ದಳು. ನವೆಂಬರಿನಲ್ಲಿ ಯಾರಿಗೂ ಅರ್ಧದಷ್ಟು ಮತ ಬರದೆ, ಕಣದಲ್ಲಿ ಅವಳು ಮತ್ತು ಒಬ್ಬ ಬಿಲ್ಡರ್ ಇಬ್ಬರೇ ಉಳಿದರು. ಡಿಸೆಂಬರಿನಲ್ಲಿ ಮತ್ತೊಮ್ಮೆ ಮತದಾನ. ಅದು ಯಾರಿಗೂ ಗೊತ್ತಿರಲಿಲ್ಲ ಎಂಬುದೇ ಕಷ್ಟ. ಚುನಾವಣೆ ಮುಗಿಯಿತೆಂದುಕೊಂಡು ಜನ ಕ್ರಿಸ್‌ಮಸ್ ಮರ ತರಲು ಹೋಗಿದ್ದರು. ಬಿಲ್ಡರನಿಗೇನು, ರಸ್ತೆ ರಸ್ತೆಗೂ ಅವನ ಮುಖ ನೇತಾಡುತ್ತಿತ್ತು. ವರ್ನೀಟಾ ಮಾಡಬಹುದಾದದ್ದು ಒಂದೇ: ‘ಇನ್ನೊಂದು ಮತದಾನ ಇದೆ, ಬನ್ನಿ’ ಎಂದು ಪ್ರತಿ ಮನೆಗೂ ಒಂದು ಕಾರ್ಡು ಹಾಕುವುದು. ಪ್ರೆಸ್ಸಿನವನು ಶುಕ್ರವಾರದೊಳಗೆ ಆರು ಸಾವಿರ ಡಾಲರು ತಂದಿಟ್ಟರೆ ಮಾತ್ರ ಯಂತ್ರ ತಿರುಗಿಸುತ್ತೇನೆ ಎಂದಿದ್ದ. ಅವಳ ಉಳಿತಾಯವೆಲ್ಲ ನವೆಂಬರಿಗೇ ಕರಗಿತ್ತು. ಕಾರ್ಡು ಹೋಗದಿದ್ದರೆ ಸೋಲು ಖಚಿತ ಎಂಬುದು ಅವಳಿಗೂ ಗೊತ್ತು, ಬಿಲ್ಡರನಿಗೂ ಗೊತ್ತು.

ಪ್ರಚಾರಕ್ಕೆ ದಾರಿ ತೋರಲೆಂದು ಪಟ್ಟಣದ ಅನುಕೂಲಸ್ಥರ ಕಡೆಯಿಂದ ಗ್ರಾಂಟ್ ಎಂಬ ಸಲಹೆಗಾರನನ್ನು ಗೊತ್ತುಮಾಡಿಕೊಂಡಿದ್ದಳು. ಒಳ್ಳೆಯ ಬೂಟು, ಒಳ್ಳೆಯ ಹಲ್ಲು, ಮನುಷ್ಯನೂ ಕೆಟ್ಟವನಲ್ಲ. ಬುಧವಾರ ಬೆಳಿಗ್ಗೆ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಬಣ್ಣದ ಬಾಟಲಿಗಳ ನಡುವೆ ಕೂತು ಅವನು ವರ್ನೀಟಾಳಿಗೆ ಫೋನಿನಲ್ಲಿ ಚಂದಾ ಕೇಳುವ ವಿದ್ಯೆ ಹೇಳಿಕೊಟ್ಟ.

"ಮೊದಲು ಪ್ರಚಾರದ ವಿಷಯ ಹೇಳಿ. ಆಮೇಲೆ ಎಷ್ಟು ಬೇಕು ಅಂತ ಹೇಳಿ. ಅಷ್ಟೇ, ಬಾಯಿ ಮುಚ್ಕೊಂಡ್ಬಿಡಿ. ಅವರೇ ಮಾತಾಡೋವರೆಗೂ ನೀವು ತುಟಿ ಬಿಚ್ಬಾರ್ದು. ಮೊದಲು ಮಾತಾಡಿದೋರು ಸೋತ ಹಾಗೆ."

ಈ ವಿದ್ಯೆಯನ್ನು ಕಂಡುಹಿಡಿದವರ ಮನೆಗಳಲ್ಲಿ ಫೋನಿನಲ್ಲಿ ಯಾರಾದರೂ ಸುಮ್ಮನಾದರೆ ಸುಮ್ಮನಾದರು ಎಂದಷ್ಟೇ ಅರ್ಥವಿರಬೇಕು. ವರ್ನೀಟಾಳ ಬಳಗದಲ್ಲಿ ಹಾಗಲ್ಲ. ನ್ಯೂ ಆರ್ಲಿಯನ್ಸಿನಿಂದ ಬಂದ ಆ ಹೆಂಗಸರು ಊಟದ ನಡುವೆಯೂ ಮಾತಾಡುತ್ತಾರೆ, ಪ್ರಾರ್ಥನೆಯ ನಡುವೆಯೂ ಮಾತಾಡುತ್ತಾರೆ. ಅವರಲ್ಲೊಬ್ಬಳು ಫೋನು ಹಿಡಿದು ಮಾತು ನಿಲ್ಲಿಸಿದಳೆಂದರೆ ಎಲ್ಲೋ ಹೆಣ ಬಿದ್ದಿದೆ, ಇಲ್ಲವೇ ಬೀಳಲಿದೆ.

ಮೊದಲ ಫೋನು ಅರ್ಲೀನ್ ದೊಡ್ಡಮ್ಮನಿಗೆ. ತಾಯಿ ಸತ್ತ ಮೇಲೆ ವರ್ನೀಟಾಳನ್ನು ಬೆಳೆಸಿದವಳು ಅವಳೇ. ವರ್ನೀಟಾ ದೊಡ್ಡಮ್ಮನ ಮಂಡಿಯ ನೋವು ಕೇಳಿದಳು, ಪಾದ್ರಿಯ ಹೊಸ ಕಾರಿನ ವಿಷಯ ಕೇಳಿದಳು, ಮತ್ತೊಮ್ಮೆ ಮಂಡಿಗೇ ಬಂದಳು. ಗ್ರಾಂಟ್ ಗಡಿಯಾರ ತೋರಿಸಿದ. ಗಾಬರಿಯಲ್ಲಿ ಪ್ರಚಾರ ಎಂಬ ಮಾತು ಗಂಟಲಲ್ಲೇ ಉಳಿದು, ಬರೀ ಬಾಲ ಹೊರಬಿತ್ತು.

"ದೊಡ್ಡಮ್ಮ, ಒಂದು ಇನ್ನೂರೈವತ್ತು ಡಾಲರ್ ಆಗುತ್ತಾ?"

ಅಷ್ಟು ಹೇಳಿ, ಹೇಳಿಕೊಟ್ಟ ಹಾಗೆ ಬಾಯಿ ಮುಚ್ಚಿದಳು.

ಆ ಕಡೆ ದೊಡ್ಡಮ್ಮ ಹಲೋ ಎಂದಳು. ಮತ್ತೆ ಹಲೋ ಎಂದಳು. ವರ್ನೀಟಾ ಗ್ರಾಂಟನ ಮುಖ ನೋಡಿದಳು. ಅವನು ತುಟಿಯ ಮೇಲೆ ಬೆರಳಿಟ್ಟ.

"ಡಾಕ್ಟರ್ ಏನಂದ್ರು?" ದೊಡ್ಡಮ್ಮನ ದನಿ ಇಳಿದಿತ್ತು. "ಗಡ್ಡೆನಾ?"

ವರ್ನೀಟಾಳಿಗೆ ನಗು ಬಂತು. ತಡೆಯಹೋಗಿ ಮೂಗಿನಿಂದ ಒಂದು ಸದ್ದು ಹೊರಟಿತು. ಅದು ಆ ಕಡೆ ಬಿಕ್ಕಿದ ಹಾಗೆ ಕೇಳಿರಬೇಕು. ದೊಡ್ಡಮ್ಮ ಅಲ್ಲಿಂದಲೇ ದೇವರನ್ನು ಗಟ್ಟಿಯಾಗಿ ಕೂಗಿ, ಹೆದರಬೇಡ ಮಗಳೇ ಬಂದೆ ಎಂದು ಫೋನಿಟ್ಟಳು.

ಏನಂದರು ಎಂದು ಗ್ರಾಂಟ್ ಕೇಳಿದ. ಬರ್ತಾರಂತೆ ಎಂದಳು ವರ್ನೀಟಾ. ಅವನಿಗೆ ಸಂತೋಷವಾಯಿತು. ಬರುತ್ತಾರೆಂದರೆ ಕೊಡುತ್ತಾರೆ ಎಂದೇ ಲೆಕ್ಕ ಎಂದ.

ಎರಡನೆಯದು ದೋನ್ಯಾ ಚೆಲೊಗೆ. ಆಕೆ ಒಫೀಲಿಯಾಳ ತಾಯಿ; ಬೀದಿಯವರೆಲ್ಲ ಮರ್ಯಾದೆಗೆ ದೋನ್ಯಾ ಎನ್ನುತ್ತಿದ್ದರು. ಒಫೀಲಿಯಾ ಎಂದರೆ ಪಾರ್ಲರಿನ ಇನ್ನರ್ಧದ ಒಡತಿ. ನಡುವಿನ ಮೋಟುಗೋಡೆಯ ಎಡಕ್ಕೆ ವರ್ನೀಟಾಳ ಜಡೆ ಹೆಣೆಯುವ ಕುರ್ಚಿಗಳು, ಬಲಕ್ಕೆ ಒಫೀಲಿಯಾಳ ಬಣ್ಣ, ಡ್ರೈಯರು. ಬೀದಿಯ ಮೆಕ್ಸಿಕನ್ ಹೆಂಗಸರ ವಾರದ ಚೀಟಿ ನಡೆಸುವವಳೂ ಅವಳೇ. ಇಷ್ಟು ವರ್ಷದಲ್ಲಿ ಒಂದು ಡಾಲರು ಆಚೀಚೆ ಆದದ್ದಿಲ್ಲ. ಅದಕ್ಕೇ ವರ್ನೀಟಾ ಅವಳನ್ನು ಪ್ರಚಾರದ ಖಜಾಂಚಿ ಮಾಡಿದ್ದಳು.

"ನಮ್ಮಮ್ಮನ್ನಾ ಕೇಳ್ತೀಯ? ಬೇಡ ಕಣೆ," ಎಂದಳು ಒಫೀಲಿಯಾ, ಗೋಡೆಯಾಚೆಯಿಂದ.

ಪ್ರೀತಿಸುವವರಿಂದಲೇ ಶುರುಮಾಡಬೇಕು ಎಂದ ಗ್ರಾಂಟ್. ವರ್ನೀಟಾ ಶುರುಮಾಡಿದಳು, ಮತ್ತೆ ಅದೇ ಮಾತನ್ನು ನುಂಗಿದಳು, ಡಾಲರು ಹೇಳಿದಳು, ಸುಮ್ಮನಾದಳು. ದೋನ್ಯಾ ಚೆಲೊಗೆ ಗಡ್ಡೆ ನೆನಪಾಗಲಿಲ್ಲ. ಆಕೆಯ ಅನುಭವದಲ್ಲಿ ಗಟ್ಟಿಗಿತ್ತಿ ಹೆಂಗಸಿನ ಬಾಯಿ ಕಟ್ಟುವುದು ಒಂದೇ ಕಾರಣಕ್ಕೆ.

"ಅವನು ಬಿಟ್ಟುಹೋದ್ನಾ?" ಎಂದು ಕೇಳಿದಳು.

ವರ್ನೀಟಾ ಗಂಡನನ್ನು ಬಿಟ್ಟು ಎಂಟು ವರ್ಷವಾಗಿತ್ತು. ಆಮೇಲೆ ಅವಳ ಮನೆಗೆ ಬಂದ ಗಂಡಸೆಂದರೆ ಗ್ಯಾಸ್ ರಿಪೇರಿಯವನು. ಆದರೂ ಬಾಯಿ ಬಿಡುವ ಹಾಗಿಲ್ಲವಲ್ಲ. ದೋನ್ಯಾ ಚೆಲೊ ಗಂಡುಕುಲವನ್ನೇ ಜಾಲಾಡಿಸಿ, ಏನಾದರೂ ತಿಂದೆಯಾ ಎಂದು ಕೇಳಿ, ಉತ್ತರ ಬರದಿದ್ದಕ್ಕೆ ತಾನೂ ಹೊರಟೇಬಿಟ್ಟಳು.

ಒಳ್ಳೆಯ ಆರಂಭ ಎಂದು ಹೇಳಿ ಗ್ರಾಂಟ್ ಊಟಕ್ಕೆ ಹೋದ. ಮುಂದಿನದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

ಮಧ್ಯಾಹ್ನ ವರ್ನೀಟಾ ಡೆಸಿರೀ ಎಂಬುವಳಿಗೆ ಜಡೆ ಹೆಣೆಯುತ್ತಿದ್ದಳು. ಅರ್ಧ ತಲೆ ಮುಗಿದಿತ್ತು, ಅರ್ಧ ತಲೆ ಕೆದರಿ ನಿಂತಿತ್ತು. ಬಾಗಿಲು ತೆರೆದು ಅರ್ಲೀನ್ ದೊಡ್ಡಮ್ಮ ಒಳಬಂದಳು. ಕೈಯಲ್ಲಿ ಕೆಂಪು ಬೀನ್ಸಿನ ದೊಡ್ಡ ಪಾತ್ರೆ, ಹಿಂದೆ ಚರ್ಚಿನ ಇಬ್ಬರು ಗೆಳತಿಯರು, ಒಬ್ಬಳ ಕೈಯಲ್ಲಿ ಅನ್ನ, ಇನ್ನೊಬ್ಬಳ ಕೈಯಲ್ಲಿ ಬೈಬಲ್. ಅವರ ಬೆನ್ನಿಗೇ ದೋನ್ಯಾ ಚೆಲೊ, ಹಬೆಯಾಡುವ ತಮಾಲೆ ಕಡುಬುಗಳ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿ, ವಿಷಯ ನಿಜವೇ ಇರಬೇಕೆಂದು ತಲೆಯಾಡಿಸಿಕೊಂಡರು.

"ಯಾವ ಕಡೆ ಗಡ್ಡೆ?" ಎಂದಳು ದೊಡ್ಡಮ್ಮ.

"ಗಡ್ಡೆ ಬೇರೆ ಇದ್ಯಾ?" ಎಂದಳು ದೋನ್ಯಾ ಚೆಲೊ. "ಅದಕ್ಕೇ ಬಿಟ್ಟುಹೋದ, ಹಾಳಾದೋನು."

ಅಷ್ಟು ಹೊತ್ತಿಗೆ ಡೆಸಿರೀ ಕುರ್ಚಿಯಲ್ಲೇ ತಿರುಗಿ ವರ್ನೀಟಾಳ ಕೈ ಹಿಡಿದುಕೊಂಡಿದ್ದಳು. ಒಫೀಲಿಯಾಳ ಡ್ರೈಯರಿನ ಕೆಳಗಿದ್ದ ಗ್ರಿಸೆಲ್ದಾ ಬಣ್ಣಕ್ಕೆಂದು ತಲೆತುಂಬ ಸುತ್ತಿದ ಬೆಳ್ಳಿಹಾಳೆಯ ಸಮೇತ ಹೊರಗೆ ಬಂದು, ಯಾರಿಗೆ ಏನಾಯಿತು ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಕಡ್ಡಿ ಗುಡ್ಡವಾಗುವುದನ್ನು ನೋಡಲಾರದೆ ವರ್ನೀಟಾ ಸತ್ಯ ಹೇಳಿದಳು. ಕಾಯಿಲೆಯಿಲ್ಲ, ಗಂಡಸೂ ಇಲ್ಲ, ಕೇಳಿದ್ದು ಪ್ರಚಾರಕ್ಕೆ, ಕಾರ್ಡು ಅಚ್ಚು ಹಾಕಿಸಬೇಕು.

ದೊಡ್ಡಮ್ಮ ಪಾತ್ರೆಯ ಮುಚ್ಚಳ ತೆಗೆಯುವುದರಲ್ಲಿದ್ದಳು. ಮತ್ತೆ ಮುಚ್ಚಿದಳು.

"ವೋಟಿನ ದುಡ್ಡಿಗಾ? ನಾನು ಬೆಳಿಗ್ಗೆಯಿಂದ ಅತ್ಕೊಂಡು ಬೀನ್ಸ್ ಬೇಯ್ಸಿದ್ದು ವೋಟಿನ ದುಡ್ಡಿಗಾ?"

ಕುಳಿತುಕೊಂಡು ತನ್ನ ನಿಲುವು ಹೇಳಿದಳು. ಅದೇನು ಹೊಸದಲ್ಲ, ಆ ಬಳಗದ ಯಾವ ಹೆಂಗಸನ್ನು ಕೇಳಿದರೂ ಇದೇ ಹೇಳುತ್ತಿದ್ದಳು. ವೋಟು ಬೇಕೇ, ಮಳೆಯಲ್ಲಿ ನಿಂತು ಹಾಕುತ್ತೇನೆ. ಬಾಗಿಲು ತಟ್ಟಬೇಕೇ, ಈ ಮಂಡಿ ಇಟ್ಟುಕೊಂಡೇ ತಟ್ಟುತ್ತೇನೆ. ಮುದುಕರನ್ನು ಮತಗಟ್ಟೆಗೆ ಕಾರಿನಲ್ಲಿ ಕರೆದೊಯ್ಯಬೇಕೇ, ಪೆಟ್ರೋಲೂ ನನ್ನದೇ. ದುಡ್ಡು ಮಾತ್ರ ಇಲ್ಲ. ದುಡ್ಡು ದೇವರಿಗೆ, ಹಸಿದವರಿಗೆ, ಸತ್ತವರಿಗೆ. ರಾಜಕೀಯದವರಿಗೆ ಕೊಡಲು ತೈಲ ಕಂಪನಿಯವರಿದ್ದಾರೆ.

"ನನ್ನ ಇಪ್ಪತ್ತು ಡಾಲರ್ ಅಂದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕಣೇ. ಕೊಟ್ಟರೂ ಒಂದೇ, ಬಿಟ್ಟರೂ ಒಂದೇ."

ದೋನ್ಯಾ ಚೆಲೊಳ ತಕರಾರು ಬೇರೆ ಥರದ್ದು. ಅವಳ ಊರಿನಲ್ಲಿ ಚುನಾವಣೆ ಬಂತೆಂದರೆ ಲಾರಿ ಬರುತ್ತಿತ್ತು. ತಲೆಗೊಂದು ಟೋಪಿ, ಹೊಟ್ಟೆಗೊಂದು ಊಟ, ಅದೃಷ್ಟವಿದ್ದರೆ ಒಂದು ಮೂಟೆ ಸಿಮೆಂಟು. ಅವಳ ತವರುಮನೆಯ ಹಿತ್ತಲ ಗೋಡೆ ಮೂರು ಚುನಾವಣೆಗಳ ಸಿಮೆಂಟಿನಲ್ಲಿ ಎದ್ದದ್ದು. ಒಂದು ಚುನಾವಣೆಯಲ್ಲಿ ಇವರ ಕಡೆಯವನು ಸೋತದ್ದರಿಂದ ಮೂಲೆಯೊಂದು ಹಾಗೇ ಉಳಿದುಬಿಟ್ಟಿತ್ತಂತೆ.

"ವೋಟು ಕೇಳೋರು ಕೊಡೋದನ್ನ ನೋಡಿದೀನಮ್ಮ," ಎಂದಳು. "ಕೇಳೋರೇ ಕೈ ಚಾಚೋದನ್ನ ಈ ದೇಶದಲ್ಲೇ ನೋಡಿದ್ದು."

ಗ್ರಿಸೆಲ್ದಾ ತನ್ನ ಕಥೆ ತೆಗೆದಳು. ಯಾವುದೋ ದೊಡ್ಡ ಚುನಾವಣೆಗೆ ಪಾಪ ಎಂದು ಮೂರು ಡಾಲರು ಕಳಿಸಿದ್ದಳು. ಅಂದಿನಿಂದ ಫೋನಿಗೆ ದಿನಕ್ಕೆ ಹತ್ತು ಸಂದೇಶ: ಈ ರಾತ್ರಿ ಹನ್ನೆರಡರೊಳಗೆ ಕೊಡದಿದ್ದರೆ ಎಲ್ಲ ಮುಗಿದುಹೋಯಿತು ಎಂದು. ಎಷ್ಟೋ ಹನ್ನೆರಡು ಗಂಟೆ ಹೊಡೆದವು, ಏನೂ ಮುಗಿಯಲಿಲ್ಲ, ಸಂದೇಶವೂ ನಿಲ್ಲಲಿಲ್ಲ. ತನ್ನ ಸ್ವಂತ ತಂಗಿಯೂ ಇಷ್ಟು ವಿಚಾರಿಸಿಕೊಂಡಿಲ್ಲ ಎಂದಳು. ಎಲ್ಲರೂ ನಕ್ಕರು, ದೊಡ್ಡಮ್ಮನೂ ನಕ್ಕಳು.

ವರ್ನೀಟಾಳಿಗೆ ಮಾತ್ರ ಅವರು ಹೇಳಿದ್ದರಲ್ಲಿ ಒಂದೂ ತಪ್ಪೆನಿಸಲಿಲ್ಲ. ಅದೇ ಅವಳ ಸಂಕಟ. ಚುನಾವಣೆಗೆ ನಿಲ್ಲುವ ಮೊದಲು ಇದನ್ನೆಲ್ಲ ಅವಳೂ ಇದೇ ಕುರ್ಚಿಗಳ ನಡುವೆ ನಿಂತು ಆಡಿದವಳೇ. ಬೇರೆ ದಾರಿ ಕಾಣದೆ ಗ್ರಾಂಟ್ ಬರೆದುಕೊಟ್ಟದ್ದನ್ನು ಒಪ್ಪಿಸತೊಡಗಿದಳು: ಈ ವಾರ್ಡಿನ ನಾಳೆಗಾಗಿ, ನಮ್ಮೆಲ್ಲರ ಮಕ್ಕಳಿಗಾಗಿ, ಒಂದು ಸಣ್ಣ ಕಾಣಿಕೆ...

"ತಡಿ," ಎಂದಳು ದೊಡ್ಡಮ್ಮ. "ಯಾರು ಕೇಳ್ತಿರೋದು? ವಾರ್ಡಾ? ಹಾಗಾದ್ರೆ ವಾರ್ಡೇ ಬಂದು ಕೇಳ್ಲಿ. ಮಕ್ಕಳಾ? ಅವರಿಗೆ ಕೊಡೋದು ನನಗೆ ಗೊತ್ತು. ನೀನು ಯಾಕೆ ಯಾರ್ಯಾರ ಹಿಂದೋ ಅವಿತ್ಕೋತೀಯ?"

ವರ್ನೀಟಾಳಿಗೆ ರೇಗಿತು. ಕೈಯಲ್ಲಿದ್ದ ಬಾಚಣಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. ಐವತ್ತು ವರ್ಷದಲ್ಲಿ ಆಡದ ಮಾತು ಅವಳ ಬಾಯಿಂದ ತಾನಾಗಿ ಬಂತು.

"ನನಗೆ ಬೇಕು. ಸಾಕಾ? ನಗರಸಭೆಯ ಆ ಕುರ್ಚಿ ನನಗೆ ಬೇಕು ದೊಡ್ಡಮ್ಮ. ಆ ಬಿಲ್ಡರ್‌ಗಿಂತ ಚೆನ್ನಾಗಿ ಮಾಡ್ತೀನಿ ಅಂತ ನನಗೆ ಗೊತ್ತು, ಗೆಲ್ಬೇಕು ಅಂತ ಆಸೆ ಇದೆ. ನಾನು ಊರಿಗೆಲ್ಲಾ ಕೇಳಿದೀನಿ, ನನಗೆ ಅಂತ ಒಂದು ಸಲ ಕೇಳಿಲ್ಲ. ಈಗ ಕೇಳ್ತಿದೀನಿ. ವಾರ್ಡಿಗಲ್ಲ, ನನಗೆ."

ಹೇಳಿದ ಮೇಲೆ ಅವಳಿಗೆ ಮೈಯೆಲ್ಲ ಬಿಸಿಯಾಯಿತು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹಾಯೆನಿಸಿತು. ಬೈಬಲ್ ಹಿಡಿದಿದ್ದ ಗೆಳತಿ ಮೆಲ್ಲನೆ ಆಮೆನ್ ಎಂದಳು.

"ಹಾಗೆ ಹೇಳು ಮತ್ತೆ," ಎಂದಳು ದೊಡ್ಡಮ್ಮ. "ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ. ನಾನು ಬರೀ ದೊಡ್ಡಮ್ಮ."

ಎದ್ದು, ಮಂಡಿ ಹಿಡಿದುಕೊಂಡು ಹತ್ತಿರ ಬಂದಳು. ಪರ್ಸಿನಿಂದ ಇಪ್ಪತ್ತರ ನೋಟು ತೆಗೆದಳು. ರವಿಕೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ನೋಟನ್ನು ವರ್ನೀಟಾಳ ಏಪ್ರನ್ನಿನ ಎದೆಗೆ ಚುಚ್ಚಿದಳು. ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟುಹಬ್ಬದ ದಿನ ಹೀಗೆ ಚುಚ್ಚುತ್ತಾರೆ. ಸಂಜೆಯವರೆಗೂ ಅದನ್ನು ಹಾಗೇ ತೊಟ್ಟು ತಿರುಗಬೇಕು, ದಾರಿಯಲ್ಲಿ ಸಿಕ್ಕವರೆಲ್ಲ ಒಂದೊಂದು ಸೇರಿಸುತ್ತಾರೆ. ಇಂದು ವರ್ನೀಟಾಳ ಹುಟ್ಟುಹಬ್ಬವಲ್ಲ ಎಂದು ಯಾರೂ ಹೇಳಲಿಲ್ಲ.

"ಅರೆ, ಇದು ನಮ್ಮದು," ಎಂದಳು ಗ್ರಿಸೆಲ್ದಾ. "ಮದುವೇಲಿ ಹುಡುಗಿಗೆ ಹೀಗೇ ಚುಚ್ಚೋದು. ಚುಚ್ಚಿದೋರ ಜೊತೆ ಅವಳು ಕುಣೀಬೇಕು."

ನಮ್ಮದು, ಇಲ್ಲ ನಮ್ಮದು ಎಂದು ಗೋಡೆಯ ಎರಡೂ ಕಡೆಯವರಿಗೆ ಜಗಳ ಹತ್ತಿತು. ತೀರ್ಮಾನವಾಗಲಿಲ್ಲ. ಅದರ ಬದಲು ಗ್ರಿಸೆಲ್ದಾ ಫೋನಿನಲ್ಲಿ ಹಾಡು ಹಚ್ಚಿ, ಹತ್ತು ಡಾಲರು ಚುಚ್ಚಿ, ತಲೆಯ ಬೆಳ್ಳಿಹಾಳೆ ಮಿಂಚಿಸುತ್ತ ವರ್ನೀಟಾಳನ್ನು ಎಳೆದುಕೊಂಡು ಕುಣಿಯತೊಡಗಿದಳು. ಡೆಸಿರೀ ಅರ್ಧ ಜಡೆಯಲ್ಲೇ ಬೀದಿಗೆ ಓಡಿ, ಡೋನಟ್ ಅಂಗಡಿಯ ಹೆಂಗಸರನ್ನೂ ಲಾಂಡ್ರಿಯ ಹೆಂಗಸರನ್ನೂ ಕೂಗಿ ತಂದಳು. ಏನು ವಿಶೇಷ ಎಂದು ಬಂದವರು ಕೇಳಿದರೆ, ವರ್ನೀಟಾ ತನಗೆ ಅಂತ ಕೇಳ್ತಿದ್ದಾಳೆ ಎಂದಳು. ಬಂದವರಿಗೆ ಅಷ್ಟು ಸಾಕಾಯಿತು. ಅವಳಿಂದ ಒಂದಲ್ಲ ಒಂದು ಕಷ್ಟಕ್ಕೆ ಚಂದಾ ಎತ್ತಿಸಿಕೊಳ್ಳದವರು ಅವರಲ್ಲಿ ಯಾರಿದ್ದರು? ಪಿನ್ನು ಮುಗಿದವು, ಕೂದಲ ಕ್ಲಿಪ್ಪುಗಳು ಬಂದವು. ಬೀನ್ಸಿನ ಮುಚ್ಚಳ ತೆರೆಯಿತು, ತಮಾಲೆಯ ಟವೆಲು ಬಿಚ್ಚಿತು.

ಈ ಗಲಾಟೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಒಫೀಲಿಯಾಳಿಗೆ ಮಾತ್ರ. ಕತ್ತರಿ ಹಿಡಿದು ಕುರ್ಚಿ ಹತ್ತಿ ನಿಂತಳು.

"ಹೆಸರಿಲ್ಲದ ನೋಟು ನನಗೆ ಬೇಡ. ಹೆಸರು, ವಿಳಾಸ, ಏನು ಕೆಲಸ, ಎಲ್ಲಾ ಹೇಳಿ ಚುಚ್ಚಿ. ಇಲ್ದಿದ್ರೆ ನಾಳೆ ಆ ಬಿಲ್ಡರ್ ನಮ್ಮನ್ನ ಕೋರ್ಟಿಗೆ ಎಳೀತಾನೆ."

"ನನ್ನ ಹೆಸರು ನಿನಗೆ ಗೊತ್ತಿಲ್ವಾ?" ಎಂದಳು ಗ್ರಿಸೆಲ್ದಾ. "ನನ್ನ ನಿಜವಾದ ಕೂದಲ ಬಣ್ಣ ಗೊತ್ತಿರೋದೇ ನಿನಗೊಬ್ಬಳಿಗೆ."

ಆದರೂ ಸಾಲು ನಿಂತರು, ಹೇಳಿದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಜೀವಮಾನವಿಡೀ ಹೆಸರಿಲ್ಲದೆ ಕಾಣಿಕೆ ಹಾಕಿದ್ದ ಅರ್ಲೀನ್ ದೊಡ್ಡಮ್ಮ, ಅರ್ಲೀನ್ ಗಿಡ್ರಿ, ಆಸ್ಪತ್ರೆಯ ಅಡುಗೆಯವಳು, ನಿವೃತ್ತಿ ಎಂದು ಬರೆಸಿ, ಸರಿಯಾಗಿ ಬರೆದಿದ್ದಾಳೆಯೇ ಎಂದು ಕನ್ನಡಕ ಹಾಕಿ ನೋಡಿದಳು. ಆಮೇಲೆ ಫೋನೆತ್ತಿ ಚರ್ಚಿನ ಹೆಂಗಸರಿಗೆ ಒಬ್ಬೊಬ್ಬರಿಗೂ ಕರೆ ಮಾಡಿದಳು. ಸಂಖ್ಯೆ ಹೇಳಿ ಸುಮ್ಮನಾಗುವ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ. ಕೊಡುತ್ತೇನೆ ಎನ್ನುವವರೆಗೂ ಎದುರಿನವರಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ.

ಗೆದ್ದಳೋ ಸೋತಳೋ ಎಂದು ಚಡಪಡಿಸುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಗುರುವಾರವಿಡೀ ದೊಡ್ಡಮ್ಮನ ಫೋನಿಗೆ ಓಗೊಟ್ಟವರ ಚೆಕ್ಕುಗಳು ಬಂದು, ಶುಕ್ರವಾರ ಪ್ರೆಸ್ಸಿನವನಿಗೆ ಆರು ಸಾವಿರವೂ ಹೋಯಿತು, ಮನೆಮನೆಗೂ ಕಾರ್ಡು ಹೋಯಿತು, ಡಿಸೆಂಬರಿನಲ್ಲಿ ಅವಳು ಗೆದ್ದಳು. ಬಿಲ್ಡರನ ಮುಖ ಮಾತ್ರ ಸಂಕ್ರಾಂತಿ ಕಳೆಯುವವರೆಗೂ ಕಂಬಗಳ ಮೇಲೆ ನಗುತ್ತಲೇ ಇತ್ತು. ಆದರೆ ಆ ಬುಧವಾರ ಇನ್ನೂ ಮುಗಿದಿಲ್ಲ.

ಅಷ್ಟೆಲ್ಲ ಜನ ಚುಚ್ಚಿದರೂ ದೋನ್ಯಾ ಚೆಲೊ ಎದ್ದಿರಲಿಲ್ಲ. ತಮಾಲೆ ಹಂಚುತ್ತ ಮೂಲೆಯಲ್ಲೇ ಇದ್ದಳು. ದೊಡ್ಡಮ್ಮ ಅದನ್ನು ನೋಡಿ, ಕುಣಿಯೋದು ನಿಮ್ಮ ಪದ್ಧತಿ, ಚುಚ್ಚೋದು ಮಾತ್ರ ನಮ್ಮ ಪದ್ಧತಿಯೋ ಎಂದು ಕೆಣಕಿದಳು.

"ನನಗೆ ವೋಟಿಲ್ಲಮ್ಮ," ಎಂದಳು ದೋನ್ಯಾ ಚೆಲೊ. "ಗ್ರೀನ್ ಕಾರ್ಡಿನೋಳು ನಾನು. ಈ ಆಟದಲ್ಲಿ ನನ್ನದೇನಿದೆ? ಊಟ ಹಾಕ್ತೀನಿ, ತಿನ್ನಿ."

ಒಫೀಲಿಯಾ ಕುರ್ಚಿಯಿಂದ ಇಳಿದಳು. ವೋಟಿಲ್ಲ, ಆದರೆ ಗ್ರೀನ್ ಕಾರ್ಡಿದ್ದವರು ಚಂದಾ ಕೊಡಬಹುದು ಎಂದಳು. ಕಾನೂನಿನಲ್ಲೇ ಇದೆ, ಖಜಾಂಚಿಯಾದಾಗ ತಾನೇ ಓದಿದ್ದೇನೆ ಎಂದಳು. ದೋನ್ಯಾ ಚೆಲೊ ನಂಬದೆ ಮಗಳ ಮುಖವನ್ನೇ ನೋಡಿದಳು.

"ನನ್ನ ಹೆಸರೂ ಬರೀತಾರಾ?"

"ಬರೀಲೇಬೇಕಮ್ಮ. ಯಾರು ಬೇಕಾದ್ರೂ ನೋಡ್ಬಹುದು. ನಿನಗೆ ಬೇಡ ಅನ್ಸಿದ್ರೆ ಬೇಡ."

ಈ ದೇಶಕ್ಕೆ ಬಂದ ಮೊದಲ ಹನ್ನೊಂದು ವರ್ಷ ದೋನ್ಯಾ ಚೆಲೊ ಕಾಗದಪತ್ರವಿಲ್ಲದೆ ಬದುಕಿದವಳು. ಪೆನ್ನು ಹಿಡಿದು ಬಂದವರಿಗೆ ಹೆಸರು ಹೇಳಬೇಡಿ ಎಂದು ಮಕ್ಕಳಿಗೆ ಹಾಲಿನ ಜೊತೆಗೇ ಕಲಿಸಿದವಳು. ಬಾಗಿಲು ತಟ್ಟಿದರೆ ಟಿವಿ ಆರಿಸುತ್ತಿದ್ದವಳು. ಒಫೀಲಿಯಾಳಿಗೆ ಅದೆಲ್ಲ ನೆನಪಿತ್ತು. ಅದಕ್ಕೇ ಪೆನ್ನು ಕೆಳಗಿಟ್ಟಳು.

ದೋನ್ಯಾ ಚೆಲೊ ಕೈ ತೊಳೆದುಕೊಂಡಳು, ಸೆರಗಿಲ್ಲದ್ದಕ್ಕೆ ಟವೆಲಿನಲ್ಲಿ ಒರೆಸಿಕೊಂಡಳು. ರವಿಕೆಯೊಳಗಿಂದ ಮಡಿಸಿದ ನೋಟೊಂದನ್ನು ತೆಗೆದಳು. ಏಪ್ರನ್ನಿನ ಮೇಲೆ ಜಾಗವಿರಲಿಲ್ಲ. ವರ್ನೀಟಾಳ ತೋಳಿಗೆ ಚುಚ್ಚಿದಳು.

"ತಗೋ ಪೆನ್ನು," ಎಂದಳು ಮಗಳಿಗೆ. "ಮರಿಯಾ ಕೊನ್ಸುಯೆಲೊ ತ್ರೆವಿನ್ಯೊ ಲೊಸಾನೊ. ಚೆಲೊ ಅಂತ ಬರೀಬೇಡ, ಪೂರ್ತಿ ಬರಿ. ಕೆಲಸ, ಹೋಟೆಲಿನಲ್ಲಿ ಹಾಸಿಗೆ ಹಾಸೋದು. ಇಪ್ಪತ್ತೆರಡು ವರ್ಷ ಹಾಸಿದೀನಿ ಅಂತಾನೂ ಬರಿ."

ಒಫೀಲಿಯಾ ಬರೆದಳು. ಕಣ್ಣು ಮಂಜಾಗಿ ಎರಡು ಸಲ ಬರೆಯಬೇಕಾಯಿತು.

ಆಮೇಲೆ ದೋನ್ಯಾ ಚೆಲೊ ವರ್ನೀಟಾಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ದನಿಯೇ ಬದಲಾಗಿತ್ತು.

"ಈಗ ಕೇಳು ಮಗಳೇ. ನಮ್ಮ ಬಸ್ ಸ್ಟಾಪಿನಲ್ಲಿ ಲೈಟಿಲ್ಲ. ಬೆಳಗಿನ ಪಾಳಿಯೋರು ಕತ್ತಲಲ್ಲಿ ನಿಂತ್ಕೋಬೇಕು, ಎಲ್ಲಾ ಹೆಂಗಸರು. ನನ್ನ ದುಡ್ಡು ಇಸ್ಕೊಂಡಿದೀಯ, ಅದನ್ನ ಮೊದಲು ಮಾಡು. ಇನ್ನೂ ಮೂರು ವಿಷಯ ಇದೆ."

ಇದುವರೆಗೆ ವರ್ನೀಟಾಳ ಹತ್ತಿರ ಬಂದು ಉಪಕಾರ ಮಾಡಮ್ಮ ಎಂದವರು ಬಹಳ ಮಂದಿ. ಹಕ್ಕಿನಿಂದ ಹೀಗೆ ಮಾಡು ಎಂದವರಲ್ಲಿ ಇವಳೇ ಮೊದಲು. ವರ್ನೀಟಾಳಿಗೆ ಎಲ್ಲಿಲ್ಲದ ಖುಷಿಯಾಯಿತು. ಮೈತುಂಬ ನೋಟು ಸರಸರ ಎನಿಸುತ್ತ ಗಿರಾಕಿಯ ಕುರ್ಚಿಯಲ್ಲಿ ಕುಳಿತು, ಹೇಳಿ ದೋನ್ಯಾ ಚೆಲೊ ಎಂದಳು. ದೋನ್ಯಾ ಚೆಲೊ ಹೇಳತೊಡಗಿದಳು, ಅವಳ ಹಿಂದೆ ಅರ್ಲೀನ್ ದೊಡ್ಡಮ್ಮ ತನ್ನ ಸರದಿಗೆ ಕಾಯುತ್ತ ನಿಂತಿದ್ದಳು.